ಎದೆಹಾಲು ಕುಡಿಯುವ ಕೂಸಿಗೆ ಏನು ಆಗಿಬರುತ್ತಿಲ್ಲ ಎಂದು ಕಂಡುಕೊಂಡಿದ್ದು: ನನ್ನ ಅನುಭವ

ಕೂಸು ಅತ್ತಾಗಲೆಲ್ಲ ಮನೆಯವರ ಕಣ್ಣು ಬಾಣಂತಿಯ ತಟ್ಟೆಯ ಮೇಲೆ ಬೀಳುತ್ತದೆ. ಆಲೂಗಡ್ಡೆ ವಾಯು, ಹಲಸಿನಹಣ್ಣು ನಂಜು, ಸೌತೆಕಾಯಿ ಶೀತ. ತಿಪಟೂರಿನ ಹತ್ತಿರದ ನಮ್ಮ ತವರುಮನೆಯಲ್ಲಿ ನನ್ನ ಬಾಣಂತನ ನಡೆಯುವಾಗ ಒಂದೊಂದಾಗಿ ಎಲ್ಲವೂ ತಟ್ಟೆಯಿಂದ ಹೋದವು. ಯಾರಿಗೂ ಅನುಮಾನ ಬರದೇ ಉಳಿದಿದ್ದು ಹಾಲು ಮಾತ್ರ. ಕೊಟ್ಟಿಗೆಯಲ್ಲೇ ಹಸು ಇತ್ತು, ಹೊತ್ತು ಹೊತ್ತಿಗೆ ಲೋಟ ತುಂಬಾ ಬಿಸಿ ಹಾಲು ಬರುತ್ತಿತ್ತು, ಅನ್ನಕ್ಕೆ ತುಪ್ಪ ಧಾರಾಳ. ನನ್ನ ಮಗನಿಗೆ ಆಗದೇ ಇದ್ದದ್ದು ಅದೇ.

ಅಳು ಒಂದನ್ನೇ ನೋಡಿ ಇದನ್ನು ಕಂಡುಹಿಡಿಯಲು ಆಗುವುದಿಲ್ಲ. ಆರು ವಾರದ ಆಸುಪಾಸಿನಲ್ಲಿ ಎಲ್ಲ ಕೂಸುಗಳೂ ಜಾಸ್ತಿ ಅಳುತ್ತವೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ. ಕುಡಿದ ಹಾಲನ್ನು ಸ್ವಲ್ಪ ಕಕ್ಕುವುದೂ ಮಾಮೂಲು. ಎದೆಹಾಲು ಕುಡಿಯುವ ಮಗು ಪ್ರತಿ ಸಲ ಕುಡಿದಾಗಲೂ ಕಕ್ಕ ಮಾಡಬಹುದು, ಕೆಲವು ವಾರ ಕಳೆದ ಮೇಲೆ ನಾಲ್ಕೈದು ದಿನ ಮಾಡದೆಯೂ ಇರಬಹುದು. ಇಷ್ಟಕ್ಕೇ ತಾಯಿಯ ಊಟ ಕಿತ್ತುಕೊಳ್ಳುವುದು ಅನ್ಯಾಯ ಅಲ್ವಾ?

ನನ್ನನ್ನು ಎಚ್ಚರಿಸಿದ್ದು ಬೇರೆ. ಹಳೇ ಬಿಳಿ ಪಂಚೆ ಹರಿದು ಲಂಗೋಟಿ ಕಟ್ಟುತ್ತಿದ್ದೆವು. ಬಿಚ್ಚಿ ಬೆಳಕಿಗೆ ಹಿಡಿದಾಗ ಹಳದಿ ಕಕ್ಕದ ನಡುವೆ ಲೋಳೆ ಕಾಣಿಸಿತು, ಲೋಳೆಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಕೆಂಪು ಗೆರೆ. ಮಾರನೇ ದಿನವೂ ಇತ್ತು. ಕೆನ್ನೆಯ ಮೇಲೆ ಒರಟು ಕೆಂಪು ಗುಳ್ಳೆಗಳೂ ಎದ್ದಿದ್ದವು. ಮಗು ಮಾತ್ರ ಚೆನ್ನಾಗಿ ಕುಡಿಯುತ್ತಿತ್ತು, ತೂಕವೂ ಏರುತ್ತಿತ್ತು. ಫೋಟೊ ತೆಗೆದುಕೊಂಡು, ಬಟ್ಟೆಯನ್ನೂ ಕವರಿನಲ್ಲಿ ಹಾಕಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆವು.

ಅವರು ಮೊದಲು ಹುಡುಕಿದ್ದು ಆಹಾರದ ತೊಂದರೆಯನ್ನಲ್ಲ. ಗುದದ ಹತ್ತಿರ ಸೀಳು ಇದೆಯೇ ಎಂದು ನೋಡಿದರು, ಸೋಂಕು ಇದೆಯೇ ಎಂದು ಮಲ ಪರೀಕ್ಷೆ ಮಾಡಿಸಿದರು, ತೂಕದ ಗೆರೆ ನೋಡಿದರು. ಇದ್ಯಾವುದರಲ್ಲೂ ತೊಂದರೆ ಕಾಣದಿದ್ದಾಗ ಹಸುವಿನ ಹಾಲಿನ ಪ್ರೋಟೀನಿನ ಮಾತೆತ್ತಿದರು. ತಾಯಿ ಕುಡಿದ ಹಾಲಿನ ಪ್ರೋಟೀನು ಚೂರುಪಾರು ಎದೆಹಾಲಿಗೂ ಬರುತ್ತದೆ. ಕೆಲವು ಕೂಸುಗಳ ದೊಡ್ಡ ಕರುಳು ಅದಕ್ಕೆ ಕೆರಳಿ ಊದಿಕೊಳ್ಳುತ್ತದೆ. ಈ ಬಗೆಯ ತೊಂದರೆ ರಕ್ತ ಪರೀಕ್ಷೆಯಲ್ಲಾಗಲಿ, ಚರ್ಮದ ಅಲರ್ಜಿ ಪರೀಕ್ಷೆಯಲ್ಲಾಗಲಿ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಬಿಟ್ಟು ನೋಡಬೇಕು, ಮತ್ತೆ ತಿಂದು ನೋಡಬೇಕು. ಪರೀಕ್ಷೆ ಎಂದರೆ ಅದೇ.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು, ಯಾಕೆಂದರೆ ಇದರಿಂದ ಸುಮ್ನೆ ಎಷ್ಟೋ ತಾಯಂದಿರು ಹಾಲೂಡುವುದನ್ನೇ ನಿಲ್ಲಿಸುತ್ತಾರೆ. ನೆಂಟರೊಬ್ಬರು, "ಮಗೂಗೆ ಲ್ಯಾಕ್ಟೋಸ್ ಆಗ್ತಿಲ್ಲ, ನಿನ್ನ ಹಾಲು ಬಿಡಿಸಿ ಡಬ್ಬಿ ಹಾಲು ಹಾಕು" ಎಂದರು. ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಅದು ತಾಯಿಯ ಎದೆಯಲ್ಲೇ ತಯಾರಾಗುವಂಥದ್ದು, ನೂರು ಮಿಲಿಲೀಟರ್ ಎದೆಹಾಲಿಗೆ ಸುಮಾರು 7 ಗ್ರಾಂ ಇರುತ್ತದೆ. ತಾಯಿ ಹಾಲು ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹುಟ್ಟಿನಿಂದಲೇ ಅದು ಜೀರ್ಣವಾಗದ ಕೂಸು ತೀರಾ ಅಪರೂಪ. ಜೋರು ಭೇದಿಯಾದ ಮೇಲೆ ಕೆಲವು ದಿನ ಆಗದೇ ಇರಬಹುದು, ಆಮೇಲೆ ಸರಿಹೋಗುತ್ತದೆ. ನಮ್ಮ ತಂಟೆ ಪ್ರೋಟೀನಿನದು. ಲ್ಯಾಕ್ಟೋಸ್ ಇಲ್ಲದ ಮಾಮೂಲಿ ಡಬ್ಬಿ ಪುಡಿಯಲ್ಲೂ ಹಸುವಿನ ಹಾಲಿನ ಪ್ರೋಟೀನು ಇದ್ದೇ ಇರುತ್ತದೆ. ಆ ಮಾತು ಕೇಳಿದ್ದರೆ ಚೂರು ಹೋಗುತ್ತಿದ್ದ ಕಡೆ ಲೋಟಗಟ್ಟಲೆ ಹೋಗುತ್ತಿತ್ತು.

ಎದೆಹಾಲು ನಿಲ್ಲಿಸಬೇಡಿ, ನೀವು ಹಾಲಿನ ಪದಾರ್ಥ ಬಿಡಿ ಎಂದರು ಡಾಕ್ಟರು. ಎರಡರಿಂದ ನಾಲ್ಕು ವಾರ, ಬಿಟ್ಟರೆ ಪೂರ್ತಿ ಬಿಡಬೇಕು. ಬೇರೆ ಯಾವುದನ್ನೂ ಜೊತೆಗೆ ಬಿಡಬಾರದು. ಒಟ್ಟಿಗೆ ಹತ್ತು ಬಿಟ್ಟರೆ ಯಾವುದರಿಂದ ಗುಣವಾಯಿತು ಎಂದು ಗೊತ್ತಾಗುವುದು ಹೇಗೆ? ಹಾಗಾಗಿ ಆಲೂಗಡ್ಡೆ, ಹಲಸಿನಹಣ್ಣು ನನ್ನ ತಟ್ಟೆಗೆ ವಾಪಸ್ ಬಂದವು.

ಅಮ್ಮನಿಗೆ ಸಂಕಟ. "ಏನೇ ಇದು, ಬಾಣಂತಿಗೆ ತುಪ್ಪ ಬಿಡಿಸ್ತಾರಾ? ನಮ್ಮ ಹಸೂದು, ನೀರು ಕೂಡ ಬೆರೆಸಿಲ್ಲ" ಎಂದಳು. ಹಾಲು ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿರುವ ಪ್ರೋಟೀನು ಅದೇ ಎಂದು ನಿಧಾನವಾಗಿ ಹೇಳಿದೆ. ಎಮ್ಮೆ ಹಾಲು, ಮೇಕೆ ಹಾಲು ಹಾಕೋಣ ಎಂದರು ಅಜ್ಜಿ. ಅವುಗಳ ಪ್ರೋಟೀನೂ ಹಸುವಿನದಕ್ಕೆ ತುಂಬಾ ಹತ್ತಿರ, ಹಸುವಿನ ಹಾಲು ಆಗದ ಹೆಚ್ಚಿನ ಕೂಸುಗಳಿಗೆ ಅವೂ ಆಗುವುದಿಲ್ಲ. ಬೀದಿಯಲ್ಲಿ ಬರುವ ಕತ್ತೆ ಹಾಲು ಒಂದು ಒಳಲೆ ಕುಡಿಸೋಣ ಎನ್ನುವ ಮಾತೂ ಬಂತು. ಅದಕ್ಕೆ ನಾನು ಒಪ್ಪಲೇ ಇಲ್ಲ. ಕಾಯಿಸದ ಹಸಿ ಹಾಲನ್ನು ಆರು ತಿಂಗಳೂ ತುಂಬದ ಕೂಸಿನ ಬಾಯಿಗೆ ಹಾಕಬಾರದು.

ಲೋಟದ ಹಾಲು ಬಿಡುವುದು ಸುಲಭ. ಅಡಗಿ ಕೂತ ಹಾಲನ್ನು ಹುಡುಕುವುದು ಕಷ್ಟ. ರವೆ ಇಡ್ಲಿ ಹಿಟ್ಟಿಗೆ ಮೊಸರು ಹಾಕುತ್ತಾರೆ. ಮಜ್ಜಿಗೆ ಹುಳಿ, ಪಂಚಾಮೃತ, ಹೋಟೆಲಿನ ಬೆಣ್ಣೆ ದೋಸೆ, ಬ್ರೆಡ್ಡು, ಬನ್ನು. ಬಿಸ್ಕತ್ತಿನ ಪೊಟ್ಟಣದ ಹಿಂದೆ ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಎಲ್ಲವೂ ಹಾಲಿನದೇ, ಓದಲೇಬೇಕು. ತುಪ್ಪದಲ್ಲಿ ಉಳಿಯುವ ಪ್ರೋಟೀನು ಬಹಳ ಕಡಿಮೆ, ಆದರೂ ಪರೀಕ್ಷೆ ನಡೆಯುವಷ್ಟು ದಿನ ಅದನ್ನೂ ಬಿಟ್ಟೆ. ಕಾಯಿ ಸೀಮೆಯಲ್ಲಿ ಹುಟ್ಟಿದ್ದು ಆಗ ಕೈಹಿಡಿಯಿತು: ಸಾರಿಗೆ ಕಾಯಿಹಾಲು, ಒಗ್ಗರಣೆಗೆ ಕೊಬ್ಬರಿ ಎಣ್ಣೆ, ತುಪ್ಪದ ಉಂಡೆ ಬದಲು ಎಳ್ಳು, ಕೊಬ್ಬರಿ, ಬೆಲ್ಲ ಕುಟ್ಟಿದ ಉಂಡೆ. ರಾಗಿಮುದ್ದೆ, ನುಗ್ಗೆಸೊಪ್ಪು ದಿನಾ ಇರಲಿ ಎಂದು ಅಮ್ಮ ನೋಡಿಕೊಂಡಳು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೂ ಡಾಕ್ಟರು ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆ ಬರೆದುಕೊಟ್ಟರು. ಹಾಲೂಡಿಸುವವಳು ಬರೀ ಪಥ್ಯ ಮಾಡಿ ಸೊರಗಬಾರದು.

ಒಂದು ನೋಟ್‌ಬುಕ್ ಇಟ್ಟೆವು. ಎಡಗಡೆ ಪುಟದಲ್ಲಿ ನಾನು ತಿಂದಿದ್ದು, ಬಲಗಡೆ ಮಗುವಿನ ಕಕ್ಕ, ವಾಂತಿ, ಚರ್ಮ, ನಿದ್ದೆ. ಬರೆಯುವ ಕೆಲಸ ನನ್ನ ಗಂಡನದು, ನನಗೆ ಕೈ ಬಿಡುವಿರಲಿಲ್ಲ. ರಕ್ತ ಮೊದಲು ನಿಂತಿತು. ಲೋಳೆ ಹೋಗಲು ಇನ್ನಷ್ಟು ದಿನ ಹಿಡಿಯಿತು. ಕೆನ್ನೆ ಎಲ್ಲಕ್ಕಿಂತ ಕೊನೆಗೆ ನಯವಾಯಿತು. ಸಂಜೆಯ ಅಳು ಮಾತ್ರ ಅಷ್ಟೇ ಇತ್ತು. ಅದಕ್ಕೂ ಹಾಲಿಗೂ ಸಂಬಂಧವಿಲ್ಲ ಎಂದು ತಿಳಿದಿದ್ದು ಆ ನೋಟ್‌ಬುಕ್ ನೋಡಿಯೇ.

ಇಲ್ಲಿಗೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಗುಣವಾಯಿತಲ್ಲ, ಇನ್ನೇನು ಬೇಕು ಎಂದು. ಆದರೆ ಕೂಸುಗಳಿಗೆ ಎಷ್ಟೋ ತೊಂದರೆ ದಿನ ಕಳೆದಂತೆ ತಾವಾಗಿಯೇ ಹೋಗುತ್ತವೆ. ಹಾಲು ಬಿಟ್ಟಿದ್ದಕ್ಕೇ ಹೋಯಿತೋ, ಹೋಗುವ ಕಾಲ ಬಂದು ಹೋಯಿತೋ? ಇದು ತೀರ್ಮಾನವಾಗದಿದ್ದರೆ ತಾಯಿ ತಿಂಗಳುಗಟ್ಟಲೆ ಸುಮ್ನೆ ಹಾಲು ಬಿಟ್ಟಿರುತ್ತಾಳೆ, ಮಗುವಿಗೂ ಬೇಡದ ಪಥ್ಯ ಅಂಟಿಕೊಳ್ಳುತ್ತದೆ. ಡಾಕ್ಟರು ಹೇಳಿದಂತೆ ಮತ್ತೆ ಹಾಲು, ಮೊಸರು ಶುರುಮಾಡಿದೆ. ಬೇರೆ ಊಟ ಏನೂ ಬದಲಿಸಲಿಲ್ಲ. ವಾರ ಕಳೆಯುವ ಮೊದಲೇ ಲಂಗೋಟಿಯಲ್ಲಿ ಅದೇ ಲೋಳೆ, ಅದೇ ಕೆಂಪು ಗೆರೆ. ಮಗುವಿಗೆ ಹೀಗೆ ಮಾಡುವುದು ಎದೆಗೆ ಚುಚ್ಚುತ್ತದೆ, ನಿಜ. ಆದರೆ ಅನುಮಾನ ಖಚಿತವಾಗಿದ್ದು ಅಲ್ಲೇ. ಮತ್ತೆ ಬಿಟ್ಟೆ, ಮತ್ತೆ ನಿಂತಿತು. ಅಮ್ಮನೂ ಆಮೇಲೆ ತುಪ್ಪದ ಮಾತೆತ್ತಲಿಲ್ಲ.

ಆರು ತಿಂಗಳಿಗೆ ನೀರಿನಲ್ಲಿ ಕಾಸಿದ ರಾಗಿ ಸರಿ, ಬೇಳೆಕಟ್ಟು, ಮೊಟ್ಟೆ ಎಲ್ಲ ಶುರುವಾಯಿತು. ಒಂದೊಂದು ಹೊಸದಕ್ಕೂ ಎರಡು ಮೂರು ದಿನ ಬಿಟ್ಟು ಮುಂದಿನದು. ಹೀಗೆ ರಕ್ತ ಬೀಳುವ ಕೂಸುಗಳಲ್ಲಿ ಹೆಚ್ಚಿನವಕ್ಕೆ ವರ್ಷ ತುಂಬುವ ಹೊತ್ತಿಗೆ ಹಾಲು ಒಗ್ಗುತ್ತದೆ. ನಾವೂ ಆಗಲೇ ಮತ್ತೆ ನೋಡಿದ್ದು. ಮೊದಲು ಹಾಲು ಹಾಕಿ ಬೇಯಿಸಿದ ಬಿಸ್ಕತ್ತು, ಆಮೇಲೆ ಮೊಸರು, ಕೊನೆಗೆ ಕಾಯಿಸಿದ ಹಾಲು.

ಇದನ್ನು ಓದಿ ಮನೆಯಲ್ಲೇ ಮಾಡಿ ನೋಡುವವರಿಗೆ ಒಂದು ಮಾತು. ಹಾಲು ಕುಡಿದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು ಎದ್ದರೆ, ತುಟಿ ಕಣ್ಣು ಊದಿದರೆ, ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡರೆ, ಉಸಿರು ಕಟ್ಟಿದರೆ ಅದು ಬೇರೆಯೇ ಬಗೆ. ಅಂಥ ಮಗುವಿಗೆ ಮತ್ತೆ ಹಾಲು ಕೊಟ್ಟು ನೋಡುವುದು ಆಸ್ಪತ್ರೆಯಲ್ಲೇ ಆಗಬೇಕು. ಜ್ವರ, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಜಾಸ್ತಿ ರಕ್ತ, ತೂಕ ಏರದಿರುವುದು, ಕುಡಿಯದೆ ಮಂಕಾಗಿ ಮಲಗುವುದು, ಇದರಲ್ಲಿ ಯಾವುದು ಕಂಡರೂ ನೋಟ್‌ಬುಕ್ ಪಕ್ಕಕ್ಕಿಟ್ಟು ಕೂಡಲೇ ಹೊರಡಿ.