ಸಿಂಗಪುರದ ಚೀನೀ ಬೀಗರು: ಚಹಾ ಶಾಸ್ತ್ರದಿಂದ ಆರತಕ್ಷತೆಯವರೆಗೆ ತಯಾರಿ ಹೇಗೆ?

ಸಿಂಗಪುರ, ಮಲೇಷ್ಯಾಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಚೀನೀ ಮನೆತನದ ಸೊಸೆಯೋ ಅಳಿಯನೋ ಬರುವುದು ಈಗ ಅಪರೂಪವೇನಲ್ಲ. ಮದುವೆ ಗೊತ್ತಾದ ಕೂಡಲೇ ಎಲ್ಲರ ಗಮನ ಕೆಂಪು ಲಾಂದ್ರ, ಡ್ರ್ಯಾಗನ್ ಚಿತ್ರ, ಹಾಲ್ ಅಲಂಕಾರದ ಕಡೆಗೆ ಹೋಗುತ್ತದೆ. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಚೀನೀ ಮದುವೆಯಲ್ಲಿ ನಮ್ಮ ಧಾರೆಯಷ್ಟು ತೂಕ ಇರುವುದು ಹಿರಿಯರಿಗೆ ಚಹಾ ಕೊಡುವ ಶಾಸ್ತ್ರಕ್ಕೆ. ಅದರ ಹೊತ್ತು, ಜಾಗ, ಹಿರಿಯರ ಪಟ್ಟಿ ಮೂರೂ ಗಟ್ಟಿಯಾದರೆ ಉಳಿದದ್ದನ್ನು ಅದರ ಸುತ್ತ ಹೊಂದಿಸಬಹುದು.

ಎಲ್ಲಕ್ಕಿಂತ ಮೊದಲು ಬೀಗರು ಯಾವ ಪಂಗಡದವರು ಎಂದು ಕೇಳಿ ತಿಳಿದುಕೊಳ್ಳಿ. ಹೊಕ್ಕಿಯೆನ್, ಟಿಯೊಚು, ಕ್ಯಾಂಟನೀಸ್, ಹಕ್ಕಾ, ಹೈನನೀಸ್ ಮನೆಗಳ ಶಾಸ್ತ್ರಗಳು ಒಂದೇ ಥರ ಇರುವುದಿಲ್ಲ. ಕ್ರೈಸ್ತರಾಗಿರುವ ಚೀನೀ ಮನೆಗಳಲ್ಲಿ ಪಂಚಾಂಗ, ಊದುಬತ್ತಿ ಬಿಟ್ಟಿರಬಹುದು, ಆದರೆ ಚಹಾ ಶಾಸ್ತ್ರವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿ ನೋಡಿ ಸಾಮಾನು ಕೊಳ್ಳುವುದಕ್ಕಿಂತ ಆ ಮನೆಯ ಅಜ್ಜಿಯನ್ನೋ ಹಿರಿಯ ಅತ್ತೆಯನ್ನೋ ಒಂದು ಸಂಜೆ ಕೂತು ಕೇಳುವುದು ಮೇಲು.

ದಿನ ಗೊತ್ತುಮಾಡುವುದು

ಅವರಿಗೂ ಪಂಚಾಂಗವಿದೆ, ಹುಟ್ಟಿದ ವರ್ಷ, ದಿನ, ಗಳಿಗೆ ನೋಡಿ ದಿನ ಇಡುತ್ತಾರೆ. ತೊಡಕು ಬರುವುದು ಆಗಸ್ಟ್ ಸುಮಾರಿಗೆ. ನಮ್ಮಲ್ಲಿ ಆಷಾಢ ಕಳೆದು ಶ್ರಾವಣ ಬಂತೆಂದರೆ ಮದುವೆಗಳು ಮತ್ತೆ ಶುರು. ಚೀನೀಯರ ಏಳನೆಯ ತಿಂಗಳು ಹೆಚ್ಚಿನ ವರ್ಷಗಳಲ್ಲಿ ಈ ಶ್ರಾವಣದ ಹೊತ್ತಿಗೇ ಬರುತ್ತದೆ. ಅದು ಅವರಿಗೆ ಪಿತೃಗಳ, ಅಲೆಯುವ ಪ್ರೇತಗಳ ತಿಂಗಳು, ಮದುವೆಗೆ ಕೂಡದು. 2026ರಲ್ಲಿ ಅದು ಆಗಸ್ಟ್ 13ರಿಂದ ಸೆಪ್ಟೆಂಬರ್ 10ರವರೆಗೆ ಇದೆ. ಅಲ್ಲಿಗೆ ಎರಡೂ ಮನೆ ಸೇರಿ ಸುಮಾರು ಎರಡು ತಿಂಗಳು ಕೈಬಿಟ್ಟು ಹೋಗುತ್ತದೆ. ಅದಕ್ಕೇ ಪುರೋಹಿತರಿಂದ ಒಂದೇ ಮುಹೂರ್ತ ಬರೆಸಿಕೊಂಡು ಹೋಗಬೇಡಿ. ನಾಲ್ಕೈದು ದಿನಗಳ ಪಟ್ಟಿ ಹಿಡಿದು ಹೋಗಿ, ಅವರಿಂದಲೂ ಅಷ್ಟೇ ದಿನ ಕೇಳಿ, ಎರಡರಲ್ಲೂ ಇರುವ ದಿನವನ್ನು ಆರಿಸಿ. ಅವರ ಪಂಚಾಂಗದಲ್ಲಿ ಒಳ್ಳೆಯದೆಂದಿರುವ ಶನಿವಾರ, ಭಾನುವಾರಗಳಿಗೆ ಹೋಟೆಲ್‌ಗಳು ಬಹಳ ಮೊದಲೇ ಬುಕ್ ಆಗುವುದರಿಂದ ಒಂದು ವರ್ಷ ಮುಂಚೆ ಈ ಮಾತುಕತೆ ಮುಗಿದಿರಲಿ.

ಧಾರೆ ಮತ್ತು ಚಹಾ ಶಾಸ್ತ್ರ ಒಂದೇ ದಿನ ಇಡುವವರಿದ್ದಾರೆ. ಬೆಳಗಿನ ಮುಹೂರ್ತ 9 ಗಂಟೆಯೊಳಗೆ ಮುಗಿಯುವಂತಿದ್ದರೆ ಮಾತ್ರ ಅದು ಸಾಧ್ಯ. ಇಲ್ಲವಾದರೆ ಎರಡು ದಿನ ಮಾಡಿಕೊಳ್ಳುವುದೇ ಕ್ಷೇಮ.

ಒಪ್ಪಂದದ ಉಡುಗೊರೆ

ಮದುವೆಗೆ ಎರಡರಿಂದ ನಾಲ್ಕು ವಾರ ಮೊದಲು ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೆಂಪು ಬುಟ್ಟಿಗಳಲ್ಲಿ ಉಡುಗೊರೆ ಒಯ್ಯುತ್ತಾರೆ. ಇದಕ್ಕೆ ಗುವೊ ದಾ ಲಿ ಎನ್ನುತ್ತಾರೆ. ಕಿತ್ತಳೆ, ಮದುವೆಯ ಕೇಕು, ಡ್ರ್ಯಾಗನ್-ಫೀನಿಕ್ಸ್ ಮೇಣದಬತ್ತಿ, ಮದ್ಯ, ಕೆಂಪು ಲಕೋಟೆಯಲ್ಲಿ ಹಣ, ಎಲ್ಲವೂ ಜೋಡಿ ಲೆಕ್ಕದಲ್ಲಿ. ಟಿಯೊಚು ಮನೆಯಾದರೆ ಸಿ ದಿಯನ್ ಜಿನ್, ಅಂದರೆ ಸರ, ಓಲೆ, ಬಳೆ, ಉಂಗುರ ಎಂಬ ನಾಲ್ಕು ಚಿನ್ನದ ಒಡವೆಗಳನ್ನು ಅತ್ತೆಮನೆಯವರು ಹಾಕುತ್ತಾರೆ. ಅನೇಕ ಮನೆಗಳ ಪಟ್ಟಿಯಲ್ಲಿ ಹಂದಿಕಾಲಿನ ಡಬ್ಬಿ ಇರುತ್ತದೆ. ಸಸ್ಯಾಹಾರಿ ಬೀಗರ ಮನೆಗೆ ಅದು ಬೇಡ ಎಂದು ಮೊದಲೇ ಹೇಳಿದರೆ ಹಣ್ಣೋ ಒಣಹಣ್ಣೋ ತರುತ್ತಾರೆ, ಯಾರಿಗೂ ಬೇಸರವಾಗುವುದಿಲ್ಲ. ಹೆಣ್ಣಿನ ಮನೆಯವರು ತಂದದ್ದನ್ನೆಲ್ಲ ಇಟ್ಟುಕೊಳ್ಳಬಾರದು. ಹಣದಲ್ಲಿ ಒಂದು ಪಾಲು, ಹಣ್ಣಿನಲ್ಲಿ ಒಂದು ಪಾಲು ಹಿಂದಕ್ಕೆ ಕೊಡಬೇಕು. ಬರಿಬುಟ್ಟಿ ವಾಪಸು ಹೋದರೆ ಅವರಿಗೆ ಕಸಿವಿಸಿಯಾಗುತ್ತದೆ.

ಚಹಾ ಶಾಸ್ತ್ರ

ಸಿಂಗಪುರದಲ್ಲಿ ನಡೆಯುವ ಕ್ರಮ ಹೀಗಿದೆ: ಬೆಳಿಗ್ಗೆ ಗಂಡು ಗೆಳೆಯರೊಂದಿಗೆ ಹೆಣ್ಣಿನ ಮನೆಗೆ ಬರುತ್ತಾನೆ. ಹೆಣ್ಣಿನ ಗೆಳತಿಯರು ಬಾಗಿಲಲ್ಲಿ ತಡೆದು ಹುಳಿ, ಸಿಹಿ, ಕಹಿ, ಖಾರ ತಿನ್ನಿಸಿ, ಕೆಂಪು ಲಕೋಟೆ ಕಿತ್ತುಕೊಂಡೇ ಒಳಗೆ ಬಿಡುತ್ತಾರೆ. ನಮ್ಮಲ್ಲಿ ಬಾಗಿಲು ತಡೆಯುವ ಶಾಸ್ತ್ರ ಕಂಡವರಿಗೆ ಇದು ಹೊಸದೆನಿಸದು. ಅಲ್ಲಿಂದ ಕೆಂಪು ಕೊಡೆಯ ನೆರಳಲ್ಲಿ ಹೆಣ್ಣನ್ನು ಗಂಡಿನ ಮನೆಗೆ ಕರೆದೊಯ್ದು ಅಲ್ಲಿ ಮೊದಲ ಚಹಾ, ಆಮೇಲೆ ಹೆಣ್ಣಿನ ಮನೆಗೆ ಮರಳಿ ಎರಡನೆಯ ಚಹಾ. ಬಾಗಿಲಾಟಕ್ಕೆ ಅರ್ಧ ಗಂಟೆ ಎಂದು ಕಟ್ಟುಮಾಡಿ. ಗೆಳೆಯರ ಕೈಗೆ ಬಿಟ್ಟರೆ ಅದು ಒಂದೂವರೆ ಗಂಟೆ ಎಳೆದು, ಗಂಡಿನ ಮನೆಯಲ್ಲಿ ಅಜ್ಜ ಅಜ್ಜಿಯರು ಉಪವಾಸ ಕಾಯುತ್ತಾರೆ.

ಪಟ್ಟಿಯ ಕೆಲಸ ದೊಡ್ಡದು. ಚಹಾ ಪಡೆಯುವವರು ದಂಪತಿಗಳಾಗಿ ಜೋಡಿಯಾಗಿ ಕೂರುತ್ತಾರೆ. ಒಂಟಿಯಾಗಿರುವ ತಾಯಿಗೂ ತಂದೆಗೂ ಅದೇ ಗೌರವದ ಚಹಾ ಉಂಟು, ಅವರನ್ನು ಹಿಂದೆ ನಿಲ್ಲಿಸಬೇಡಿ. ಕೆಲವು ಮನೆಗಳಲ್ಲಿ ತಂದೆತಾಯಿ ಮೊದಲು, ಕೆಲವೆಡೆ ಅಜ್ಜ ಅಜ್ಜಿ ಮೊದಲು. ಆಮೇಲೆ ವಯಸ್ಸಿನ ಕ್ರಮದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯರು, ಕೊನೆಗೆ ಅಣ್ಣ, ಅಕ್ಕ. ಒಂದು ಜೋಡಿಗೆ ಎರಡು ನಿಮಿಷ ಹಿಡಿಯಿರಿ. 25 ಜೋಡಿ ಇದ್ದರೆ 50 ನಿಮಿಷವಾಯಿತು. ಫೋಟೋದವರು ಪ್ರತಿ ಜೋಡಿಯನ್ನೂ ಮತ್ತೆ ನಿಲ್ಲಿಸಿದರೆ ಇದು ದುಪ್ಪಟ್ಟಾಗುತ್ತದೆ. ಚಹಾ ಕೊಡುವಾಗಲೇ ತೆಗೆಯಿರಿ ಎಂದು ಅವರಿಗೆ ಹೇಳಿಡಿ.

ಚಹಾ ನೀಡುವ ಮುನ್ನ ಹಿರಿಯರನ್ನು ಅವರ ಸಂಬಂಧದಿಂದ ಕರೆಯಬೇಕು. ಮ್ಯಾಂಡರಿನ್‌ನಲ್ಲಿ ದೊಡ್ಡಪ್ಪನಿಗೆ ಬೋ ಬೋ, ಚಿಕ್ಕಪ್ಪನಿಗೆ ಶು ಶು, ಸೋದರಮಾವನಿಗೆ ಜಿಯು ಜಿಯು, ಸೋದರತ್ತೆಗೆ ಗು ಗು. ಎಲ್ಲರನ್ನೂ ಅಂಕಲ್, ಆಂಟಿ ಎಂದು ಮುಗಿಸಿದರೆ ಅವರ ಹಿರಿಯರಿಗೂ ನಮ್ಮವರಂತೆಯೇ ಸಪ್ಪೆಯೆನಿಸುತ್ತದೆ. ಹೊಕ್ಕಿಯೆನ್ ಅಥವಾ ಕ್ಯಾಂಟನೀಸ್ ಮನೆಯಾದರೆ ಈ ಪದಗಳೇ ಬೇರೆ. ಆ ಮನೆಯ ಒಬ್ಬರು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಡಲಿ. ಹಾಗೆಯೇ ಕನ್ನಡದ ಕಡೆಯ ಹಿರಿಯರ ಹೆಸರು, ಸಂಬಂಧ ಬರೆದ ಚೀಟಿಯೊಂದು ಚೀನೀ ಸೊಸೆಯ ಅಥವಾ ಅಳಿಯನ ಕಡೆಯವರ ಕೈಲಿರಲಿ.

ಇನ್ನು ಚಹಾ. ಈ ಬಗೆಯಲ್ಲಿ ಚಹಾಪುಡಿ ಇಲ್ಲ. 40 ಕಪ್‌ಗೆ ಎರಡು ಲೀಟರ್ ಸಾಕು, ಏಕೆಂದರೆ ಕಪ್‌ಗಳು ಪುಟ್ಟವು, ಮುಕ್ಕಾಲು ಮಾತ್ರ ತುಂಬುತ್ತಾರೆ. ಬೇಕಾದದ್ದು: ಸಣ್ಣ ಗಾತ್ರದ ಒಣಗಿದ ಚೀನೀ ಕೆಂಪು ಹಣ್ಣು 50, ಒಣಗಿದ ಕಮಲದ ಬೀಜ 50, ಸಿಪ್ಪೆ ಬೀಜ ತೆಗೆದ ಒಣ ಲಾಂಗನ್ (ಲಿಚಿಯಂಥ ಹಣ್ಣು) 50 ಗ್ರಾಂ, ಕಲ್ಲುಸಕ್ಕರೆ 100 ಗ್ರಾಂ. ಇಲ್ಲಿ ಎರಡು ಸಾಮಾನು ಅದಲುಬದಲಾಗುವುದು ಸಾಮಾನ್ಯ. ಕೆಂಪು ಹಣ್ಣು ನಮ್ಮ ಎಲಚಿಯ ಜಾತಿಯದು, ಖರ್ಜೂರವಲ್ಲ. ಖರ್ಜೂರ ಹಾಕಿದರೆ ಕರಗಿ ಚಹಾ ರಾಡಿಯಾಗುತ್ತದೆ. ಮಖಾನವನ್ನು ಕಮಲದ ಬೀಜವೆಂದು ಮಾರುತ್ತಾರೆ. ಅದು ಬೇರೆ ನೀರುಗಿಡದ ಬೀಜ, ಹುರಿದು ಅರಳಿಸಿದ್ದು, ಬಿಸಿನೀರಿಗೆ ಬಿದ್ದರೆ ಮೆತ್ತಗಾಗಿ ತೇಲುತ್ತದೆ.

1. ಕಮಲದ ಬೀಜವನ್ನು ಎರಡು ಗಂಟೆ ನೆನೆಸಿ, ಎರಡಾಗಿ ಬಿಡಿಸದೆ ಒಳಗಿನ ಹಸಿರು ಮೊಳಕೆಯನ್ನು ಕಡ್ಡಿಯಿಂದ ತಳ್ಳಿ ತೆಗೆಯಿರಿ. ಮೊಳಕೆ ಉಳಿದರೆ ಇಡೀ ಪಾತ್ರೆ ಕಹಿ.

2. ಎರಡೂವರೆ ಲೀಟರ್ ನೀರಿನಲ್ಲಿ ಬೀಜವನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಕೆಂಪು ಹಣ್ಣು ಹಾಕಿ ಇನ್ನು 15 ನಿಮಿಷ. ಬೆಂದು ಅರ್ಧ ಲೀಟರ್‌ನಷ್ಟು ಇಂಗುತ್ತದೆ.

3. ಲಾಂಗನ್ ಕೊನೆಯ 10 ನಿಮಿಷಕ್ಕೆ. ಮೊದಲೇ ಹಾಕಿದರೆ ಅದರ ಘಮ ಹಾರಿಹೋಗುತ್ತದೆ. ಇಳಿಸುವ ಹೊತ್ತಿಗೆ ಕಲ್ಲುಸಕ್ಕರೆ.

4. ಸೋಸಿದ ಚಹಾ ಫ್ಲಾಸ್ಕ್‌ಗೆ, ಹಣ್ಣು ಬೀಜ ಬೇರೆ ಬಟ್ಟಲಿಗೆ. ಹಣ್ಣು ಸಮೇತ ಟೀಪಾಟ್‌ಗೆ ಹಾಕಿದರೆ ಉಬ್ಬಿದ ಹಣ್ಣು ಮೂತಿಗೆ ಸಿಕ್ಕಿ ಎಲ್ಲರೆದುರು ಚಹಾ ನಿಂತುಬಿಡುತ್ತದೆ.

ಪ್ರತಿ ಕಪ್‌ಗೆ ಒಂದು ಹಣ್ಣು, ಒಂದು ಬೀಜ ಇಟ್ಟು ಮೇಲೆ ಚಹಾ ಸುರಿಯಿರಿ. ಕುದಿಯುವಷ್ಟು ಬಿಸಿ ಬೇಡ, ಹಿರಿಯರು ಕೂಡಲೇ ಕುಡಿದು ಕಪ್ ಹಿಂತಿರುಗಿಸಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಗುಟುಕು ಸಾಕು, ಪೂರ್ತಿ ಕುಡಿಯಬೇಕೆಂಬ ಕಟ್ಟು ಇಲ್ಲ. ಎರಡೇ ಕಪ್ ಇಟ್ಟುಕೊಂಡು ತೊಳೆಯುತ್ತ ಕೂರಬೇಡಿ. ಎಂಟು ಕಪ್ ಇರಲಿ, ತೊಳೆದು ಒರೆಸಲು ಒಬ್ಬರು, ತುಂಬಲು ಒಬ್ಬರು.

ಮದುಮಕ್ಕಳು ಕೆಂಪು ದಿಂಬಿನ ಮೇಲೆ ಮಂಡಿಯೂರಿ ಎರಡೂ ಕೈಗಳಿಂದ ಕಪ್ ಕೊಡುತ್ತಾರೆ. ದೂರದ ಹಿರಿಯರಿಗೆ ನಿಂತು ಬಾಗಿದರೆ ಸಾಕು. ಹಿರಿಯರು ಕುಡಿದು ಕೆಂಪು ಲಕೋಟೆ ಅಥವಾ ಒಡವೆ ಕೊಟ್ಟು ಹರಸುತ್ತಾರೆ, ಒಡವೆಯನ್ನು ಅಲ್ಲೇ ತೊಡಿಸುತ್ತಾರೆ. ಕೊನೆಗೆ ಸರದಿ ತಿರುಗುತ್ತದೆ: ತಮ್ಮ, ತಂಗಿಯರು ಮದುಮಕ್ಕಳಿಗೆ ಚಹಾ ಕೊಡುತ್ತಾರೆ, ಮದುಮಕ್ಕಳು ಅವರಿಗೆ ಲಕೋಟೆ ಕೊಡಬೇಕು. ಇದು ನೆನಪಿಲ್ಲದೆ ಲಕೋಟೆಗೆ ಪರದಾಡುವವರೇ ಹೆಚ್ಚು. ಹತ್ತು ಲಕೋಟೆ ತುಂಬಿಸಿ ಇಟ್ಟಿರಿ. ನಮ್ಮ ಕಡೆಯವರು ಅಕ್ಷತೆ ಹಾಕುವುದಾದರೆ ಚಹಾದ ತಟ್ಟೆ ಒಳಗೆ ಹೋದ ಮೇಲೆ ಹಾಕಲಿ.

ಉಡುಪು, ಬಣ್ಣ

ಚಹಾಕ್ಕೆ ಹೆಣ್ಣು ಉಡುವ ಸಾಂಪ್ರದಾಯಿಕ ಕ್ಯಾಂಟನೀಸ್ ಉಡುಪು ಕ್ವಾ, ಕೆಂಪು ರೇಷ್ಮೆಯ ಮೇಲೆ ಚಿನ್ನ, ಬೆಳ್ಳಿ ದಾರದ ಡ್ರ್ಯಾಗನ್, ಫೀನಿಕ್ಸ್ ಕಸೂತಿ. ಕಸೂತಿ ದಟ್ಟವಾದಷ್ಟೂ ಬೆಲೆ ಹೆಚ್ಚು, ಕೆಂಪೇ ಕಾಣದಷ್ಟು ತುಂಬಿದ್ದು ಎಲ್ಲಕ್ಕಿಂತ ಮೇಲಿನ ದರ್ಜೆ. ಹೆಚ್ಚಿನವರು ಬಾಡಿಗೆಗೆ ತರುತ್ತಾರೆ. ಲೋಹದ ದಾರಕ್ಕೆ ಬೆವರು, ಸುಗಂಧ ತಗುಲಿದರೆ ಕಪ್ಪಾಗುತ್ತದೆ, ಆದ್ದರಿಂದ ಸೆಂಟನ್ನು ಉಡುಪು ತೊಡುವ ಮೊದಲೇ ಹಾಕಿ ಆರಿಸಿಕೊಳ್ಳಬೇಕು. ಅರಿಶಿನ ಶಾಸ್ತ್ರ ಅದೇ ದಿನ ಬೆಳಿಗ್ಗೆ ಬೇಡ. ಕೈ, ಕುತ್ತಿಗೆಯ ಅರಿಶಿನ ತೋಳಿಗೂ ಕಾಲರಿಗೂ ಹತ್ತಿದರೆ ಠೇವಣಿ ಹಣ ಹೋದಂತೆಯೇ.

ಬಿಳಿ ಅವರಿಗೆ ಸಾವಿನ ಮನೆಯ ಬಣ್ಣ. ಬಿಳಿಯ ಧಾರೆ ಸೀರೆ, ಬಿಳಿ ಪಂಚೆ ನಮ್ಮಲ್ಲಿ ಮಂಗಳಕರ ಎಂದು ಆ ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ. ಚಹಾ ಮತ್ತು ಆರತಕ್ಷತೆಗೆ ನಮ್ಮ ನೆಂಟರು ಬಿಳಿ, ಕಪ್ಪು ಬಿಟ್ಟು ಗುಲಾಬಿ, ಚಿನ್ನದ ಬಣ್ಣ, ಹಸಿರು ಉಡಲಿ. ಅಚ್ಚ ಕೆಂಪನ್ನು ಮದುಮಗಳಿಗೆ ಬಿಡುವುದು ಒಳ್ಳೆಯದು.

ಅಲಂಕಾರಕ್ಕೆ ಜೋಡಿ ಮಂಗಳದ (ಡಬಲ್ ಹ್ಯಾಪಿನೆಸ್, 囍) ಕೆಂಪು ಅಕ್ಷರವೇ ಸಾಕು. ಅದನ್ನು ನೆಟ್ಟಗೆ ಅಂಟಿಸಬೇಕು. ಹೊಸವರ್ಷದಲ್ಲಿ ಇನ್ನೊಂದು ಅಕ್ಷರವನ್ನು ತಲೆಕೆಳಗಾಗಿ ಹಚ್ಚುವುದನ್ನು ಕಂಡು ಅಲಂಕಾರದವರು ಇದನ್ನೂ ತಿರುಗಿಸುತ್ತಾರೆ. ಪೂರ್ವ ಏಷ್ಯಾ ಥೀಮ್ ಎಂದು ಜಪಾನಿನ ದೇವಾಲಯದ ಕೆಂಪು ಕಮಾನು, ಕೊರಿಯಾದ ಉಡುಪು, ಚೀನೀ ಲಾಂದ್ರ ಒಟ್ಟಿಗೆ ತುಂಬುವ ಪ್ಯಾಕೇಜುಗಳನ್ನು ನೇರವಾಗಿ ನಿರಾಕರಿಸಿ. ಬೀಗರಿಗೆ ಅದು ತಮ್ಮ ಮನೆಯ ಮದುವೆ ಎನಿಸುವುದೇ ಇಲ್ಲ.

ಮುಯ್ಯಿಯ ಲೆಕ್ಕ

ನಮ್ಮಲ್ಲಿ 101, 501, 1001 ಎಂದು ಒಂದು ಸೇರಿಸಿ ಕೊಡುತ್ತೇವೆ. ಚೀನೀ ಮದುವೆಯಲ್ಲಿ ಬೆಸಸಂಖ್ಯೆಯ ಹಣ ಸಾವಿನ ಮನೆಗೆ ಕೊಡುವಂಥದ್ದು. ಸಮಸಂಖ್ಯೆ ಕೊಡಿ, 4 ಇರುವ ಮೊತ್ತ ಬೇಡ, 8 ಬಂದರೆ ಸಂತೋಷ. ಲಕೋಟೆ ಕೆಂಪಿರಲಿ, ಬಿಳಿ ಲಕೋಟೆ ಬೇಡವೇ ಬೇಡ. ಗಡಿಯಾರ ಉಡುಗೊರೆ ಕೊಡಬಾರದು, ಅದಕ್ಕೂ ಸಾವಿನ ನಂಟಿದೆ. ಊರಿಂದ ಬರುವ ನೆಂಟರಿಗೆ ಈ ನಾಲ್ಕು ಮಾತನ್ನು ಆಮಂತ್ರಣದ ಜೊತೆಗೇ ಕಳಿಸಿ.

ಸಂಜೆಯ ಊಟ

ಸಿಂಗಪುರದಲ್ಲಿ ಹೋಟೆಲ್ ದರ ತಲೆಗೆ ಇಷ್ಟು ಎಂದಲ್ಲ, ಹತ್ತು ಜನರ ಒಂದು ಟೇಬಲ್‌ಗೆ ಇಷ್ಟು ಎಂದು. ದರದ ಮುಂದೆ ಎರಡು ಪ್ಲಸ್ ಚಿಹ್ನೆ ಇದ್ದರೆ ಶೇ 10 ಸೇವಾಶುಲ್ಕ, ಅದರ ಮೇಲೆ ಶೇ 9 ಜಿಎಸ್‌ಟಿ ಸೇರುತ್ತದೆ. 1,500 ಡಾಲರ್‌ನ ಟೇಬಲ್ 1,798.50 ಡಾಲರ್ ಆಗುತ್ತದೆ. 20 ಟೇಬಲ್‌ಗೆ ಸುಮಾರು 6,000 ಡಾಲರ್ ಹೆಚ್ಚು. ಬಜೆಟ್ ಹಾಕುವಾಗಲೇ ಈ ಲೆಕ್ಕ ಹಿಡಿಯಿರಿ. ಕುರ್ಚಿಗಳು ಎಣಿಸಿಟ್ಟವು, ಇಬ್ಬರೆಂದು ಹೇಳಿ ನಾಲ್ವರು ಬಂದರೆ ಕೂರಿಸಲು ಜಾಗವಿರುವುದಿಲ್ಲ. ಕನ್ನಡದ ಕಡೆಯವರಿಗೆ ಫೋನ್ ಮಾಡಿಯೇ ತಲೆ ಎಣಿಸಿ, ಕೊನೆಗೆ ಅರ್ಧ ಟೇಬಲ್ ಹೆಚ್ಚಿಗೆ ಇರಲಿ.

ಎಂಟು ಬಗೆ ಒಂದಾದ ಮೇಲೆ ಒಂದು ಬರುತ್ತವೆ: ತಣ್ಣನೆಯ ತಿನಿಸುಗಳ ತಟ್ಟೆ, ಸೂಪು, ಕೋಳಿ, ಇಡೀ ಮೀನು, ಸೀಗಡಿ, ಅಣಬೆ-ಸೊಪ್ಪು, ದೀರ್ಘಾಯುಷ್ಯದ ನೂಡಲ್ಸ್, ಸಿಹಿ. ಎರಡೂವರೆ ಗಂಟೆ ಹಿಡಿಯುತ್ತದೆ. ಕಾರ್ಡಿನಲ್ಲಿ 7 ಎಂದಿದ್ದರೂ ಮದುಮಕ್ಕಳು ಒಳಗೆ ಬರುವುದು 8ರ ಹತ್ತಿರ. ಬೇಗ ಉಣ್ಣುವ ಹಿರಿಯರಿಗೆ ಹೊರಗಿನ ಸ್ವಾಗತ ಮೇಜಿನ ಬಳಿ ತಿಂಡಿ ಇಡಿಸಿ.

ಸಸ್ಯಾಹಾರವೆಂದು ಬರೆಸಿದರಷ್ಟೇ ಸಾಲದು. ಅಣಬೆಗೆ ಸಿಂಪಿಯಿಂದ ಮಾಡುವ ಆಯ್‌ಸ್ಟರ್ ಸಾಸ್, ಸೂಪಿಗೆ ಕೋಳಿಯ ಸ್ಟಾಕ್, ನೂಡಲ್ಸ್‌ನಲ್ಲಿ ಮೊಟ್ಟೆ ಬರುತ್ತದೆ. ಬೌದ್ಧ ಸಸ್ಯಾಹಾರ ಎಂದು ಕೇಳಿ. ಅದರಲ್ಲಿ ಮಾಂಸ, ಮೀನಿನ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ಮಡಿ ಊಟದವರಿಗೂ ನಡೆಯುತ್ತದೆ. ಆದರೆ ಮೊಟ್ಟೆ ಬೇಡವೆಂದು ಪ್ರತ್ಯೇಕ ಹೇಳಿ, ಅಕ್ಕಿಯ ಶಾವಿಗೆ ಕೇಳಿ. ಮೀನಿನ ಆಕಾರದಲ್ಲೇ ಸೋಯಾ ಮಾಡಿ ತಂದಿಟ್ಟರೆ ನಮ್ಮ ಅಜ್ಜಿಯರು ತಟ್ಟೆ ಸರಿಸಿಬಿಡುತ್ತಾರೆ, ಮಾಂಸದ ರೂಪದ ತಿನಿಸು ಬೇಡವೆಂದು ಮೆನುವಿನಲ್ಲೇ ಬರೆಸಿ. ರುಚಿ ನೋಡಲು ಹೋಟೆಲ್‌ನವರು ಕರೆದಾಗ ಸಸ್ಯಾಹಾರದ ಬಗೆಗಳನ್ನೂ ಮಾಡಿಸಿ ನೋಡಬೇಕು.

ವೇದಿಕೆಯ ಮುಂದೆ ಸಾಲು ನಿಂತು ಉಡುಗೊರೆ ಕೊಡುವ ನಮ್ಮ ರೂಢಿ ಇಲ್ಲಿ ನಡೆಯದು. ಮದುಮಕ್ಕಳೇ ಟೇಬಲ್‌ನಿಂದ ಟೇಬಲ್‌ಗೆ ಬರುತ್ತಾರೆ. ನೆಂಟರು ಎದ್ದು ಸಾಲು ಹಿಡಿದರೆ ಅಡುಗೆಮನೆಯವರು ಮುಂದಿನ ಬಗೆ ತಡೆಯುತ್ತಾರೆ, ಮೀನು ಆರುತ್ತದೆ. ನಡುವೆ ಎರಡೂ ಮನೆಯವರು ವೇದಿಕೆ ಹತ್ತಿ ಮೂರು ಸಲ ಯಾಮ್ ಸೆಂಗ್ ಎಂದು ಉಸಿರು ಮುಗಿಯುವವರೆಗೆ ಕೂಗಿ ಲೋಟ ಎತ್ತುತ್ತಾರೆ. ಲೋಟದಲ್ಲಿ ಹಣ್ಣಿನ ರಸವಿದ್ದರೂ ಆಗುತ್ತದೆ, ಕೂಗು ಮಾತ್ರ ಜೋರಾಗಿರಬೇಕು.

ಲಕೋಟೆಗಳ ಪೆಟ್ಟಿಗೆಯ ಬಳಿ ಎರಡೂ ಕಡೆಯ ಒಬ್ಬೊಬ್ಬ ನಂಬಿಕಸ್ಥರು ಕೂರಲಿ. ಬಂದವರ ಹೆಸರಿನ ಎದುರು ಗುರುತು ಹಾಕಿ, ಹೆಸರಿಲ್ಲದ ಲಕೋಟೆಯ ಮೇಲೆ ಅಲ್ಲೇ ಹೆಸರು ಬರೆಯಲಿ. ಎರಡನೆಯ ಬಗೆ ಬಡಿಸುವ ಹೊತ್ತಿಗೆ ಪೆಟ್ಟಿಗೆಯನ್ನು ಬೀಗ ಹಾಕಿ ಹೋಟೆಲ್ ಕೋಣೆಯ ಲಾಕರ್‌ಗೆ ಸೇರಿಸಿ. ಬಾಕಿ ಬಿಲ್ಲನ್ನು ಅದೇ ರಾತ್ರಿ ಕಟ್ಟಬೇಕಾಗುವುದರಿಂದ, ಲಕೋಟೆಯ ಹಣ ನಂಬದೆ ಕಾರ್ಡಿನ ಮಿತಿಯನ್ನು ವಾರ ಮೊದಲೇ ಹೆಚ್ಚಿಸಿಕೊಂಡಿರಿ.