ನಡಿಗೆಗೆ ತಕ್ಕ ರೇಡಿಯೋ

ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಅರ್ಧ ಜನರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಕೆಲವರದ್ದು ಹಾಡು, ಕೆಲವರದ್ದು ಯೂಟ್ಯೂಬ್ ಭಾಷಣ. ನನ್ನದು ರೇಡಿಯೋ. ಬಿಬಿಸಿ ಮತ್ತು ಅಮೆರಿಕದ ಸಾರ್ವಜನಿಕ ರೇಡಿಯೋದವರು ಮಾಡಿದ ಪಾಡ್‌ಕಾಸ್ಟ್‌ಗಳು. ಏನು ಕೇಳ್ತೀರಿ ಅಂತ ಪರಿಚಯದವರು ಆಗಾಗ ವಿಚಾರಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರೇಡಿಯೋದವರದ್ದೇ ಯಾಕೆ? ಅವರು ಬರೆಯುವುದು ಕೈ ಬಿಡುವಿಲ್ಲದವರಿಗಾಗಿ. ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ಕೇಳುವವರಿಗಾಗಿ. ಹಾಗಾಗಿ ವಾಕ್ಯ ಚಿಕ್ಕದಿರುತ್ತದೆ, ಮಾತಾಡುತ್ತಿರುವವರು ಯಾರು ಅಂತ ಮತ್ತೆ ಮತ್ತೆ ನೆನಪಿಸುತ್ತಾರೆ. ರಸ್ತೆ ದಾಟುವಾಗ ಅರ್ಧ ನಿಮಿಷ ಗಮನ ತಪ್ಪಿದರೂ ಎಳೆ ಸಿಗುತ್ತದೆ. ವಿಡಿಯೋಗಾಗಿ ಮಾಡಿದ್ದರಲ್ಲಿ ‘ಇಲ್ಲಿ ನೋಡಿ’ ಅಂದ ಕೂಡಲೇ ಜೇಬಿನಿಂದ ಫೋನ್ ತೆಗೆಯಬೇಕು. ಇನ್ನೊಂದು ಕಾರಣ ದುಡ್ಡು. ಬಿಬಿಸಿ ಬಹುಮಟ್ಟಿಗೆ ನಡೆಯುವುದು ಬ್ರಿಟನ್ನಿನ ಮನೆಯವರು ಕಟ್ಟುವ ಲೈಸೆನ್ಸ್ ಶುಲ್ಕದಿಂದ. ಅಮೆರಿಕದ ಸ್ಟೇಷನ್‌ಗಳಿಗೆ ಕೇಳುಗರ ದೇಣಿಗೆಯೇ ದೊಡ್ಡ ಆಸರೆ. (ನಮ್ಮಲ್ಲೂ ಒಂದು ಕಾಲಕ್ಕೆ ಪೋಸ್ಟ್ ಆಫೀಸಿನಲ್ಲಿ ರೇಡಿಯೋ ಲೈಸೆನ್ಸ್ ಕಟ್ಟಬೇಕಿತ್ತು, ಹಿರಿಯರಿಗೆ ನೆನಪಿರಬಹುದು.) ಆ ಹಣದಿಂದ ಒಂದೇ ವಿಷಯದ ಹಿಂದೆ ತಿಂಗಳುಗಟ್ಟಲೆ ಬೀಳುವ ಪುರುಸೊತ್ತು ಅವರಿಗೆ ಸಿಗುತ್ತದೆ. ಕೇಳುವಾಗ ಅದು ಗೊತ್ತಾಗುತ್ತದೆ.

ನಾನು ಆರಿಸುವುದು ದಾರಿ ನೋಡಿಕೊಂಡು. ಮನೆಯಿಂದ ಬೀಚಿಗೆ ಹೋಗುವಷ್ಟು ಹೊತ್ತಿಗೆ ಬಿಬಿಸಿಯ ‘ವಿಟ್‌ನೆಸ್ ಹಿಸ್ಟರಿ’ ಸರಿಯಾಗುತ್ತದೆ. ಸುಮಾರು 10 ನಿಮಿಷ. ಇತಿಹಾಸದ ಒಂದು ಘಟನೆ, ಅಲ್ಲೇ ಇದ್ದ ಒಬ್ಬರ ಬಾಯಲ್ಲಿ. ಇಂಗ್ಲಿಷ್ ಕೇಳಿ ಅಭ್ಯಾಸವಿಲ್ಲದವರಿಗೂ ಇದನ್ನೇ ಮೊದಲು ಹೇಳುತ್ತೇನೆ. ಉಚ್ಚಾರ ಸ್ಪಷ್ಟ, ಅವಸರವಿಲ್ಲ. ಇನ್ನೂ ಸುಲಭದ್ದು ಬೇಕಾದರೆ ಅದೇ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಇದೆ.

ಮರಳಿಗೆ ಇಳಿದ ಮೇಲೆ ವಿಷಯ ಬೇರೆ. ಅಲೆಯ ಸದ್ದು, ಗಾಳಿ. ಮೆಲ್ಲಗಿನ ದನಿ, ಹಿನ್ನೆಲೆ ಸಂಗೀತ ಎಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ಗಟ್ಟಿ ಕಥೆ ಬೇಕು. ಅಮೆರಿಕದ ರೇಡಿಯೋದವರು ದುಡ್ಡಿನ ವಿಷಯ ಹೇಳುವ ‘ಪ್ಲಾನೆಟ್ ಮನಿ’ ನನಗೆ ಹಿಡಿಸಿದ್ದು ಅಲ್ಲೇ. 2008ರಲ್ಲಿ ಅಮೆರಿಕದ ಮನೆ ಸಾಲದ ಕುಸಿತವನ್ನು ಅಲ್ಲಿನದೇ ‘ದಿಸ್ ಅಮೆರಿಕನ್ ಲೈಫ್’ ಅನ್ನುವ ಕಾರ್ಯಕ್ರಮ ಒಂದು ಕಂತಿನಲ್ಲಿ ಬಿಡಿಸಿ ಹೇಳಿತು. ಅದೇ ಬೆಳೆದು ಪ್ಲಾನೆಟ್ ಮನಿ ಆಯಿತು. ಆ ಕಂತಿನಲ್ಲಿ ಸಾಲ ಕೊಟ್ಟವನು, ಅದನ್ನು ಕೊಂಡವನು, ಮತ್ತೆ ಮಾರಿದವನು, ಕಂತು ಕಟ್ಟಲಾಗದವನು, ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸುತ್ತಾರೆ. ಮುಂದೆ 2013ರಲ್ಲಿ ಪ್ಲಾನೆಟ್ ಮನಿಯವರು ಒಂದು ಟೀ ಶರ್ಟ್ ಹಿಂದೆ ಬಿದ್ದರು. ಹತ್ತಿ ಮಿಸಿಸಿಪ್ಪಿಯದ್ದು, ನೂಲು ಇಂಡೋನೇಷ್ಯಾದ್ದು, ಹೊಲಿಗೆ ಬಾಂಗ್ಲಾದೇಶದಲ್ಲಿ. ಅರ್ಥಶಾಸ್ತ್ರ ಓದದ ನನಗೂ ಅರ್ಥವಾಯಿತು.

ಅಮೆರಿಕದವರದ್ದೇ ವಿಜ್ಞಾನದ ಕಾರ್ಯಕ್ರಮ ‘ರೇಡಿಯೋಲ್ಯಾಬ್’ ಮಾತ್ರ ಬೀಚಿನಲ್ಲಿ ಬೇಡ. ಅದನ್ನು ಸದ್ದಿಲ್ಲದ ಒಳರಸ್ತೆಗೆ ಇಟ್ಟುಕೊಳ್ಳಿ. ಬಣ್ಣಗಳ ಮೇಲೆ ಅವರದ್ದೊಂದು ಕಂತಿದೆ. ನಾಯಿಗೆ ಎಷ್ಟು ಬಣ್ಣ ಕಾಣುತ್ತದೆ, ನಮಗೆಷ್ಟು ಅಂತ ತೋರಿಸಲು ಒಂದು ಗಾಯಕವೃಂದವನ್ನೇ ನಿಲ್ಲಿಸಿದ್ದಾರೆ. ನಾಯಿಗೆ ಕೆಲವೇ ದನಿ. ಮನುಷ್ಯನಿಗೆ ಇನ್ನಷ್ಟು ಸೇರುತ್ತವೆ. ಚಿಟ್ಟೆಗೆ ಇನ್ನೂ ಜಾಸ್ತಿ. ಕೊನೆಗೆ ಸಿಗಡಿಯ ದೂರದ ನೆಂಟ ಮ್ಯಾಂಟಿಸ್ ಶ್ರಿಂಪ್. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶ 3 ಬಗೆ, ಅದರಲ್ಲಿ ಬಣ್ಣಕ್ಕೆಂದೇ 12 ಬಗೆ. ಇಡೀ ವೃಂದ ಒಟ್ಟಿಗೆ ಎತ್ತಿ ಹಾಡಿದಾಗ ನಾನು ರಸ್ತೆ ಬದಿಗೆ ನಿಂತುಬಿಟ್ಟೆ. ಬಣ್ಣವನ್ನು ಕಿವಿಗೆ ತೋರಿಸಿದ್ದರು! ಆಮೇಲೆ 2014ರ ಒಂದು ಸಂಶೋಧನೆಯಲ್ಲಿ, ಹತ್ತಿರ ಹತ್ತಿರದ ಬಣ್ಣಗಳ ವ್ಯತ್ಯಾಸ ಗುರುತಿಸುವುದರಲ್ಲಿ ಈ ಪ್ರಾಣಿ ನಮಗಿಂತ ಹಿಂದೆ ಅಂತ ಕಂಡುಬಂತು. ಕಂತು ಅದಕ್ಕೂ ಮೊದಲಿನದು. ಕೇಳುವಾಗ ಇದು ಗೊತ್ತಿದ್ದರೆ ಒಳ್ಳೆಯದು.

ಒಂದೇ ಒಂದು ಹೇಳಿ ಅಂದರೆ ನನ್ನ ಉತ್ತರ ಬಿಬಿಸಿಯ ‘ಥರ್ಟೀನ್ ಮಿನಿಟ್ಸ್ ಟು ದ ಮೂನ್’. 2019ರದ್ದು. ನಡೆಸಿಕೊಡುವವರು ವೈದ್ಯ ಕೆವಿನ್ ಫಾಂಗ್. ಅಪೊಲೊ 11 ಚಂದ್ರನ ಮೇಲೆ ಇಳಿಯುವ ಕೊನೆಯ 13 ನಿಮಿಷಗಳ ಸುತ್ತ ಇಡೀ ಸರಣಿ. ಇಳಿಯುತ್ತಿರುವಾಗಲೇ ಕಂಪ್ಯೂಟರ್ 1202 ಅಂತ, ಅಂದರೆ ಕೆಲಸ ಮಿತಿಮೀರಿತು ಅಂತ, ಅಲಾರಂ ಕೊಡುತ್ತದೆ. ಮುಂದುವರಿಯಬೇಕೋ ವಾಪಸ್ ಬರಬೇಕೋ? ಹೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ಕೂತು ಮುಂದುವರಿಯಲು ಸೈ ಅಂದವರು 26 ವರ್ಷದ ಸ್ಟೀವ್ ಬೇಲ್ಸ್. ಅಂದಿನ ಧ್ವನಿಮುದ್ರಣವೇ ಕಿವಿಯಲ್ಲಿ ಬರುತ್ತಿರುತ್ತದೆ. ಮೊದಲಿನಿಂದ ಸಾಲಾಗಿ ಕೇಳಿ, ಮಧ್ಯೆ ಹಾರಿಸಬೇಡಿ.

ಶಿರಸಿಯಲ್ಲಿರುವ ನಮ್ಮ ಅತ್ತಿಗೆಗೆ ಇದೆಲ್ಲ ಬೇಡ. “ನಂಗೆ ಮನುಷ್ಯರ ಕಥೆ ಹೇಳು ಮಾರಾಯಾ, ಚಂದ್ರ ಗಿಂದ್ರ ಬೇಡ” ಅಂದರು. ಬಿಬಿಸಿಯ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಹಾಕಿಕೊಟ್ಟೆ. 1942ರಲ್ಲಿ ಶುರುವಾದ ಕಾರ್ಯಕ್ರಮ. ನಿರ್ಜನ ದ್ವೀಪಕ್ಕೆ ಹೋಗುವುದಾದರೆ ಯಾವ 8 ಹಾಡು, ಯಾವ ಪುಸ್ತಕ, ಯಾವ ಒಂದು ಸುಖದ ವಸ್ತು ಒಯ್ಯುತ್ತೀರಿ ಅಂತ ಕೇಳುತ್ತಾ ಅತಿಥಿಯ ಬದುಕನ್ನೇ ಹೇಳಿಸುತ್ತಾರೆ. ಅತ್ತಿಗೆ ಈಗ ತೋಟಕ್ಕೆ ಹೋಗುವಾಗಲೂ ಕೇಳುತ್ತಾರೆ. ಅವರ 8 ಹಾಡಿನ ಪಟ್ಟಿ ಮಾತ್ರ ವಾರಕ್ಕೊಮ್ಮೆ ಬದಲಾಗುತ್ತದೆ.

ಕೇಳುವ ರೀತಿಯೂ ಮುಖ್ಯ. ಮನೆಯ ವೈಫೈನಲ್ಲೇ ಹಿಂದಿನ ರಾತ್ರಿ ಡೌನ್‌ಲೋಡ್ ಮಾಡಿಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಹೆದ್ದಾರಿ ಪಕ್ಕ ಒಂದು ಕಿವಿ ಖಾಲಿ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಮಾತು ಹಿಡಿಯದಿದ್ದರೆ ವೇಗ ಸ್ವಲ್ಪ ಇಳಿಸಿ. ದಿಸ್ ಅಮೆರಿಕನ್ ಲೈಫ್‌ನವರು ಇಡೀ ಕಂತನ್ನು ಬರಹದಲ್ಲೂ ಕೊಡುತ್ತಾರೆ, ಮನೆಗೆ ಬಂದು ಓದಬಹುದು.

ಜೂನ್ ಬಂದ ಮೇಲೆ ಕಾರವಾರದ ಮಳೆಯಲ್ಲಿ ಹೊರಗೆ ನಡೆಯುವ ಮಾತೇ ಇಲ್ಲ. ಜಗಲಿಯಲ್ಲೇ ಆಚೆ ಈಚೆ ನಡೆಯುವುದು. ಆಗ ನನಗೆ ಬಿಬಿಸಿಯ ‘ಇನ್ ಅವರ್ ಟೈಮ್’ ಬೇಕು. 1998ರಲ್ಲಿ ಮೆಲ್ವಿನ್ ಬ್ರ್ಯಾಗ್ ಶುರು ಮಾಡಿದ್ದು. ಮೂವರು ವಿದ್ವಾಂಸರು, ಒಂದು ವಿಷಯ, ಮುಕ್ಕಾಲು ಗಂಟೆ. ಸಂಗೀತವಿಲ್ಲ, ಅಲಂಕಾರವಿಲ್ಲ, ಬರೀ ಮಾತು. ಹೆಂಚಿನ ಮೇಲೆ ಮಳೆ ಎಷ್ಟೇ ಜೋರಾಗಿ ಹೊಯ್ದರೂ, ವಾಲ್ಯೂಮ್ ಎರಡು ಗೆರೆ ಏರಿಸಿದರೆ ಸಾಕು, ಒಂದು ಪದವೂ ತಪ್ಪುವುದಿಲ್ಲ.