ಹಳೆಯ ಗಾಜಿನ ತೊಟ್ಟಿಯ ಗುರುತು ಹಿಡಿದು ಮತ್ತೆ ನೀರು ತುಂಬಿದ ಬಗೆ

ಯಾರೋ ಬಳಸಿ ಬಿಟ್ಟ ಅಕ್ವೇರಿಯಂ ಕೈಗೆ ಬಂದಾಗ ನಾನು ತೊಳೆಯುವ ಅವಸರ ಮಾಡುವುದಿಲ್ಲ. ಆ ತೊಟ್ಟಿಯಲ್ಲಿ ಏನಿತ್ತು, ಅದನ್ನು ಹೇಗೆ ನೋಡಿಕೊಂಡರು ಎಂಬುದನ್ನು ತಿಳಿಸುವ ಸಾಕ್ಷಿ ಆ ಕೊಳೆಯಲ್ಲೇ ಇರುತ್ತದೆ. ಒಮ್ಮೆ ಉಜ್ಜಿದರೆ ಮತ್ತೆ ಸಿಗುವುದಿಲ್ಲ. ಈ ಸಲ ಬಂದ ತೊಟ್ಟಿಗೆ ತಯಾರಕರ ಚೀಟಿಯೂ ಉಳಿದಿರಲಿಲ್ಲ. ಕೊಟ್ಟವರಿಗೂ ಅದರ ಪೂರ್ವಾಪರ ಗೊತ್ತಿರಲಿಲ್ಲ. ಹಾಗಾಗಿ ಗಾಜು, ಅಂಟು, ಕಲೆ ಈ ಮೂರನ್ನೇ ಕೇಳಬೇಕಾಯಿತು.

ಒಳ ಅಳತೆ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ: 182. ಗಾಜಿನ ದಪ್ಪವನ್ನು ಮೇಲಂಚಿನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದೆ, 8 ಮಿ.ಮೀ. ಇತ್ತು. ಇದು ನನಗೆ ಸಮಾಧಾನ ತಂದ ಸಂಖ್ಯೆ. ಗಾಜಿನ ಮೇಲೆ ನೀರು ಹಾಕುವ ಒತ್ತಡಕ್ಕೆ ತೊಟ್ಟಿಯ ಒಟ್ಟು ಲೀಟರ್ ಮುಖ್ಯವಲ್ಲ, ನೀರಿನ ಎತ್ತರ ಮುಖ್ಯ. ಇದೇ ಉದ್ದದ ತೊಟ್ಟಿಯಲ್ಲಿ 30 ಸೆಂ.ಮೀ. ನೀರು ನಿಂತರೆ ಮುಂಭಾಗದ ಗಾಜಿನ ಮೇಲೆ ಸುಮಾರು 40 ಕಿಲೋ ಭಾರದಷ್ಟು ಒತ್ತುವಿಕೆ, 45 ಸೆಂ.ಮೀ. ನಿಂತರೆ ಅದು ಸುಮಾರು 91 ಕಿಲೋ. ಎತ್ತರ ಒಂದೂವರೆ ಪಟ್ಟು ಹೆಚ್ಚಿದಾಗ ಒತ್ತುವಿಕೆ ಎರಡು ಪಟ್ಟಿಗೂ ಮೀರುತ್ತದೆ. ಹಳೆಯ ತೊಟ್ಟಿ ಕೊಳ್ಳುವವರು ಉದ್ದ ನೋಡಿ ಮರುಳಾಗದೆ ಎತ್ತರ ಮತ್ತು ದಪ್ಪವನ್ನು ಜೋಡಿಸಿ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಹಲ್ಲಿ, ಹಾವು, ಆಮೆ ಸಾಕಲು ಮಾಡಿದ ಗಾಜಿನ ಪೆಟ್ಟಿಗೆಗಳೂ ಅಕ್ವೇರಿಯಂ ಎಂಬ ಹೆಸರಿನಲ್ಲೇ ಕೈಬದಲಾಗುತ್ತವೆ. ಸರಿಯುವ ಬಾಗಿಲಿನ ಹಳಿ, ಗಾಳಿಯಾಡುವ ಜಾಲರಿ ಪಟ್ಟಿ, ಅಗಲಕ್ಕೆ ಹೋಲಿಸಿದರೆ ತೀರ ತೆಳುವಾದ ಗಾಜು ಕಂಡರೆ ಅದಕ್ಕೆ ಕಂಠಮಟ್ಟ ನೀರು ತುಂಬುವ ಯೋಚನೆಯನ್ನೇ ಬಿಡಬೇಕು. ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ. ಮೇಲಂಚಿನ ಒಳಗೆ ಉದ್ದಕ್ಕೂ ಎರಡು ಗಾಜಿನ ಪಟ್ಟಿಗಳನ್ನು ಅಂಟಿಸಿದ್ದರು. ಉದ್ದದ ಗಾಜು ಹೊರಕ್ಕೆ ಉಬ್ಬದಂತೆ ತಡೆಯುವುದು ಅವೇ.

ಮುಂದಿನದು ತಳ. ಕೆಲವು ತೊಟ್ಟಿಗಳಿಗೆ ಬುಡದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಇರುತ್ತದೆ, ತಳದ ಗಾಜು ಮೇಜಿಗೆ ತಾಗದೆ ಮೇಲೆ ನಿಂತಿರುತ್ತದೆ. ಭಾರವೆಲ್ಲ ಚೌಕಟ್ಟಿನ ಅಂಚುಗಳ ಮೂಲಕ ಇಳಿಯುತ್ತದೆ. ಇವುಗಳ ಕೆಳಗೆ ಫೋಮ್ ಹಾಸಿದರೆ ಚೌಕಟ್ಟು ಅದರೊಳಗೆ ಇಳಿದು, ತಳದ ಗಾಜನ್ನು ಫೋಮ್ ಕೆಳಗಿನಿಂದ ನೂಕತೊಡಗುತ್ತದೆ. ಚೌಕಟ್ಟಿಲ್ಲದ ತೊಟ್ಟಿಗೆ ಇದರ ತದ್ವಿರುದ್ಧ: ತಳ ಪೂರ್ತಿಯಾಗಿ ಕೂರಬೇಕು, ಒಂದು ಮರಳಿನ ಕಣವೂ ಗಾಜಿಗೆ ಒತ್ತಬಾರದು, ಆದ್ದರಿಂದ ಫೋಮ್ ಹಾಸು ಬೇಕೇ ಬೇಕು. ನನ್ನದು ಈ ಎರಡನೆಯ ಜಾತಿ.

ಇನ್ನು ಕಲೆಗಳು. ಮೇಲಂಚಿನಲ್ಲಿ ಬಿಳಿ ಪೊರೆ ಗಟ್ಟಿಯಾಗಿ ಕೂತಿತ್ತು. ಅದು ಉಪ್ಪೋ ಸುಣ್ಣವೋ ತಿಳಿಯಲು ಒಂದು ಮೂಲೆಗೆ ಬರಿಯ ನೀರು ಹಚ್ಚಿದೆ, ಕರಗಲಿಲ್ಲ. ಪಕ್ಕದಲ್ಲಿ ವಿನೆಗರ್ ಹನಿ ಬಿಟ್ಟೊಡನೆ ಸಣ್ಣ ಗುಳ್ಳೆಗಳೆದ್ದವು. ಗಡಸು ನೀರು ಬಿಟ್ಟುಹೋದ ಸುಣ್ಣ ಎಂದು ತೀರ್ಮಾನಿಸಿದೆ. ಸಮುದ್ರದ ನೀರಿನ ತೊಟ್ಟಿಗಳಲ್ಲಿ ಕಾಣುವ ಗುಲಾಬಿ-ನೇರಳೆ ಪಾಚಿಯ ಹೆಪ್ಪು ಎಲ್ಲೂ ಇರಲಿಲ್ಲ. ಆದರೆ ಒಂದು ಮೂಲೆಯ ಸಿಲಿಕೋನ್, ಅಂದರೆ ಗಾಜುಗಳನ್ನು ಕೂಡಿಸುವ ರಬ್ಬರಿನಂಥ ಅಂಟು, ತಿಳಿನೀಲಿಗೆ ತಿರುಗಿತ್ತು. ಮೀನಿನ ಕಾಯಿಲೆಗೆ ಬಳಸುವ ಮಿಥಿಲೀನ್ ಬ್ಲೂ ಸಿಲಿಕೋನಿಗೆ ಹೀಗೆಯೇ ಬಣ್ಣ ಹತ್ತಿಸುತ್ತದೆ. ಔಷಧ ಹಾಕುವ ರೂಢಿ ಇದ್ದವರ ಕೈಯಲ್ಲಿತ್ತು ಎಂದಾದರೆ ತಾಮ್ರದ ಔಷಧವೂ ಬಿದ್ದಿರಬಹುದು. ತಾಮ್ರ ಕಣ್ಣಿಗೆ ಕಾಣುವುದಿಲ್ಲ, ಸಿಗಡಿ ಮತ್ತು ಬಸವನಹುಳುಗಳಿಗೆ ಅತಿ ಸ್ವಲ್ಪವೂ ಮಾರಕ. ಆ ಎಚ್ಚರಿಕೆಯನ್ನು ಬರೆದಿಟ್ಟುಕೊಂಡು ಅಂಟಿನ ಕಡೆಗೆ ತಿರುಗಿದೆ.

ಹಳೆಯ ತೊಟ್ಟಿಯಲ್ಲಿ ಗಾಜಿಗಿಂತ ಮೊದಲು ಮುಪ್ಪು ಬರುವುದು ಸಿಲಿಕೋನಿಗೆ. ಅದು ಎರಡು ಕಡೆ ಇರುತ್ತದೆ: ಗಾಜು ಗಾಜಿಗೆ ಕೂಡುವ ಸಂದಿಯಲ್ಲಿ, ಮತ್ತು ಒಳಮೂಲೆಯ ಮೇಲೆ ಎಳೆದ ಪಟ್ಟಿಯಲ್ಲಿ. ತೊಟ್ಟಿಯನ್ನು ಹಿಡಿದು ನಿಲ್ಲಿಸುವುದು ಸಂದಿಯ ಅಂಟು. ಒಳಪಟ್ಟಿ ಅದಕ್ಕೆ ಕಾವಲು. ಹೊರಗಿನಿಂದ ಟಾರ್ಚ್ ಹಿಡಿದು ಸಂದಿಯನ್ನು ಮೇಲಿಂದ ಕೆಳಕ್ಕೆ ನೋಡಿದೆ. ಅಂಟು ಗಾಜನ್ನು ಬಿಟ್ಟ ಕಡೆ ಬೆಳಕಿಗೆ ಬೆಳ್ಳಿಯಂತೆ ಹೊಳೆಯುವ ತೇಪೆ ಕಾಣುತ್ತದೆ. ಹಾಗೆಲ್ಲೂ ಕಾಣಲಿಲ್ಲ. ಒಳಪಟ್ಟಿ ಮಾತ್ರ ಉಗುರಿಗೆ ಎದ್ದು ಬರುತ್ತಿತ್ತು. ಸಂದಿಯೇ ಬಿಟ್ಟಿದ್ದರೆ ಇಡೀ ತೊಟ್ಟಿಯನ್ನು ಬಿಚ್ಚಿ ಕಟ್ಟಬೇಕಿತ್ತು, ಮೇಲೆ ತೇಪೆ ಹಚ್ಚುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಸರಿಯಾಗಿ ಅಂಟುವುದೇ ಇಲ್ಲ.

ಅದೇ ಕಾರಣಕ್ಕೆ ಕೆಟ್ಟ ಮೂಲೆಯೊಂದನ್ನೇ ಅಲ್ಲ, ಒಳಪಟ್ಟಿ ಪೂರ್ತಿ ತೆಗೆದೆ. ಬ್ಲೇಡನ್ನು ಗಾಜಿಗೆ ಬಹುತೇಕ ಮಲಗಿಸಿ, ಒಂದು ಗಾಜಿನ ಮೇಲೊಂದು ಗೀರು, ಪಕ್ಕದ ಗಾಜಿನ ಮೇಲೊಂದು ಗೀರು. ಪಟ್ಟಿ ಉದ್ದಕ್ಕೆ ಸುಲಿದು ಬಂತು. ಬ್ಲೇಡಿನ ಮೂಗು ಸಂದಿಯೊಳಗೆ ಹೋಗದಂತೆ ನೋಡಿಕೊಳ್ಳುವುದೇ ಇಲ್ಲಿನ ಕಸುಬು. ಉಳಿದ ತೆಳು ಪೊರೆ ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯುತ್ತದೆ: ಬರಿಯ ಗಾಜಿನ ಮೇಲೆ ಬೆರಳು ಜಾರುತ್ತದೆ, ಸಿಲಿಕೋನ್ ಉಳಿದ ಕಡೆ ತಡೆಯುತ್ತದೆ. ಅದನ್ನೆಲ್ಲ ಕೆರೆದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಬರಿಗೈ ಸೋಕಿಸಲಿಲ್ಲ. ಸುಣ್ಣದ ಕಲೆಗಳನ್ನು ಇದಕ್ಕೂ ಮೊದಲೇ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಹಾಸಿ ನೆನೆಸಿ ತೆಗೆದಿದ್ದೆ. ಸೋಪನ್ನು ಹತ್ತಿರ ಸೇರಿಸಲಿಲ್ಲ.

ಸಿಲಿಕೋನ್ ಆರಿಸುವಾಗ ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ ಸ್ನಾನಗೃಹದ ಟ್ಯೂಬ್ ಬೇಡವೇ ಬೇಡ. ಅದು ಮೀನಿಗೆ ವಿಷ. ಅಕ್ವೇರಿಯಂಗೆಂದೇ ಬರೆದಿರುವ, ಒಣಗುವಾಗ ವಿನೆಗರ್ ವಾಸನೆ ಬರುವ ಶುದ್ಧ ಸಿಲಿಕೋನನ್ನೇ ತಂದೆ. ಮೂಲೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಎಡೆಬಿಡದೆ ಸಿಲಿಕೋನ್ ಎಳೆದು, ಕೈಗವಸು ತೊಟ್ಟ ಬೆರಳಿನಿಂದ ಒಂದೇ ಸವರಿಗೆ ತೀಡಿ, ಮೇಲೆ ಕೆನೆ ಕಟ್ಟುವ ಮೊದಲೇ ಟೇಪ್ ಕಿತ್ತೆ. ಎರಡನೇ ಸಲ ತೀಡುವ ಆಸೆಯನ್ನು ಅದುಮಿಕೊಳ್ಳಬೇಕು, ಸಿಲಿಕೋನ್ ಕೆದರಿಹೋಗುತ್ತದೆ. ಆಮೇಲೆ ಒಂದು ವಾರ ಮುಟ್ಟಲಿಲ್ಲ.

ನೀರಿನ ಪರೀಕ್ಷೆಯನ್ನು ನೆಲದ ಮೇಲೆ, ರಸಮಟ್ಟ ಇಟ್ಟು ಸಮ ಮಾಡಿದ ಹಲಗೆಯ ಮೇಲೆ ನಡೆಸಿದೆ. ಫೋಮಿನ ಸುತ್ತ ಒಣ ಪತ್ರಿಕೆ ಹಾಸಿದೆ. ಮೂರನೇ ಒಂದು ಭಾಗ ತುಂಬಿ ರಾತ್ರಿ ಕಳೆದು, ಮತ್ತಷ್ಟು, ಕೊನೆಗೆ ಪೂರ್ತಿ. ನೀರು ಆವಿಯಾಗಿಯೂ ಇಳಿಯುವುದರಿಂದ ಮಟ್ಟವನ್ನಷ್ಟೇ ನಂಬುವಂತಿಲ್ಲ. ಪತ್ರಿಕೆಯ ಮೇಲೆ ಒಂದು ಚುಕ್ಕೆ ತೇವ ಬಿದ್ದರೂ ಅದು ಮಾತಾಡುತ್ತದೆ. ಒಣಗಿಯೇ ಇತ್ತು.

ತೊಟ್ಟಿಯ ಗಾಜೇ ಸುಮಾರು 32 ಕಿಲೋ. ನೀರು, ಜಲ್ಲಿ, ಕಲ್ಲು ಸೇರಿದರೆ 230 ಕಿಲೋ ದಾಟುತ್ತದೆ. ಜೊತೆಗೆ ಬಂದಿದ್ದ ಕಬ್ಬಿಣದ ಸ್ಟ್ಯಾಂಡಿನ ಒಂದು ಬೆಸುಗೆಯಲ್ಲಿ ತುಕ್ಕು ಪದರಾಗಿ ಏಳುತ್ತಿತ್ತು, ಅದನ್ನು ಕೈಬಿಟ್ಟೆ. ಹಳೆಯ ಹೀಟರನ್ನೂ ಬಿಟ್ಟೆ, ನೀರೊಳಗೆ ಮುಳುಗುವ ವಿದ್ಯುತ್ ಉಪಕರಣದಲ್ಲಿ ಗೊತ್ತಿಲ್ಲದ ವಯಸ್ಸನ್ನು ನಾನು ಒಪ್ಪುವುದಿಲ್ಲ. ಫಿಲ್ಟರಿನ ಮೋಟಾರು ಚೆನ್ನಾಗಿತ್ತು. ಗಟ್ಟಿಯಾಗಿದ್ದ ರಬ್ಬರ್ ವಾಷರ್, ಕೊಳವೆ ಬದಲಿಸಿದ್ದಷ್ಟೇ.

ಮೀನಿಲ್ಲದೆ ಫಿಲ್ಟರ್ ಓಡಿಸಿ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಿಂದ ಮೀನಿಗೆ ವಿಷವಾದ ಅಮೋನಿಯಾ ನೈಟ್ರೈಟ್ ಆಗಿ, ಅಷ್ಟೇ ವಿಷವಾದ ನೈಟ್ರೈಟ್ ಕಡಿಮೆ ಅಪಾಯದ ನೈಟ್ರೇಟ್ ಆಗುವವರೆಗೆ ವಾರಗಟ್ಟಲೆ ಕಾದೆ. ಮೊದಲಿನ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನುಗಳು ಬಂದವು. ತಾಮ್ರದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವಾದರೂ ಸಂದಿಯ ಸಿಲಿಕೋನ್ ಹಳೆಯದೇ ಆದ್ದರಿಂದ, ಅದರಲ್ಲಿ ತಾಮ್ರ ಉಳಿದಿರಬಹುದೆಂಬ ಅನುಮಾನಕ್ಕೆ ಈ ತೊಟ್ಟಿಗೆ ಸಿಗಡಿ ಬಿಡುವುದನ್ನು ಸದ್ಯಕ್ಕೆ ಮುಂದೂಡಿದ್ದೇನೆ.